ಸ್ವಂತ ಇಚ್ಛೆಯ ರಾಜೀನಾಮೆ

ಬಸೀಲಿಯಾ ವಿಲಾಕೋಟಾ ಪುರಸಭೆಯ ಅಧ್ಯಕ್ಷೆಯಾಗಿ ಹನ್ನೊಂದು ತಿಂಗಳಾಗಿತ್ತು. ಬೊಲಿವಿಯಾದ ಕಾನೂನಿನಂತೆ ಚುನಾವಣೆಗೆ ನಿಲ್ಲುವವರ ಪಟ್ಟಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕಿತ್ತು. ಹಾಗಾಗಿ ಊರ ಗಂಡಸರು ಅವಳ ಹೆಸರು ಬರೆಸಿ, ಅವಳು ಬಿಟ್ಟರೆ ಆ ಜಾಗಕ್ಕೆ ಬರುವ ಬದಲಿ ಸದಸ್ಯನಾಗಿ ಕಸಿಮೀರೊನನ್ನು ಸೇರಿಸಿದ್ದರು.

"ನೀನು ಸುಮ್ನೆ ಕೂತ್ಕೊಂಡಿರಕ್ಕ, ಮಿಕ್ಕಿದ್ದು ನಾವು ನೋಡ್ಕೋತೀವಿ" ಎಂದಿದ್ದ ಅವನು.

ಅವಳು ಸುಮ್ಮನೆ ಕೂರಲಿಲ್ಲ. ಓದಿದ್ದು ಮೂರನೇ ತರಗತಿಯಾದರೂ ಬೆರಳಿಟ್ಟು ಬೆರಳಿಟ್ಟು ಕಡತಗಳನ್ನು ಓದಿದಳು. ಮೇಲಿನ ಕೇರಿಯ ಶಾಲೆಗೆ ಮಾಡು ಹಾಕಿಸಿದಳು. ಕಸಿಮೀರೊನ ತಮ್ಮ ಪುರಸಭೆಯ ಜೀಪನ್ನು ನೆಂಟರ ಮದುವೆಗಳಿಗೆ ಓಡಿಸುತ್ತಿದ್ದುದನ್ನು ನಿಲ್ಲಿಸಿದಳು.

ಅಲ್ಲಿಂದ ಶುರುವಾಯಿತು. ಸಭೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಯಾರೋ ಕೆಮ್ಮುತ್ತಿದ್ದರು. "ಗಂಡಂಗೆ ಸಾರು ಕಾಯ್ಸಿಟ್ಟು ಬಂದ್ಯೇನಮ್ಮ ಅಧ್ಯಕ್ಷೇ?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದರೆ ಕೋಣೆಯೆಲ್ಲ ನಗೆ.

ಒಂದು ಭಾನುವಾರ ಊರ ಸಭೆಯಲ್ಲಿ ಕಸಿಮೀರೊ ಎದ್ದು ನಿಂತ. "ವರ್ಷ ಆಗ್ತಾ ಬಂತು. ಇನ್ನು ನನ್ನ ಸರದಿ. ಮಾತಾಗಿದ್ದೇ ಹಾಗೆ."

"ಯಾವ ಮಾತು? ನಾನ್ಯಾವಾಗ ಒಪ್ಪಿದ್ದೆ?"

"ನೀನಲ್ಲ. ನಿನ್ ಗಂಡ ಒಪ್ಪಿದ್ದ. ಅವನನ್ನೇ ಕೇಳು."

ಅವಳ ಗಂಡ ಸೆವೆರೊ ಗಂಡಸರ ಸಾಲಿನ ಕೊನೆಯಲ್ಲಿ ಕೂತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅವಳು ಕೇಳಿದಳು: "ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ನೀನು ಗೆಲ್ತೀಯ ಅಂತಾನೇ ಅಂದ್ಕೊಂಡಿರ್ಲಿಲ್ಲ ಕಣೇ. ಎಲ್ರೂ ಕೈ ಎತ್ತಿದ್ರು, ನಾನೂ ಎತ್ತಿದೆ."

"ನಾನು ಬಿಡಲ್ಲ."

ಮರುವಾರದಿಂದ ಅವರ ಲಾಮಾಗಳಿಗೆ ಊರ ಹುಲ್ಲುಗಾವಲು ಮುಚ್ಚಿತು. ಆಲೂಗಡ್ಡೆ ಬಿತ್ತನೆಗೆ ಮುಯ್ಯಾಳು ಯಾರೂ ಬರಲಿಲ್ಲ. ಗೆದ್ದ ದಿನ ಕೊರಳಿಗೆ ಹೂಮಾಲೆ ಹಾಕಿ ತಬ್ಬಿಕೊಂಡಿದ್ದ ಹೆಂಗಸರು ಸಂತೆಯಲ್ಲಿ ಮುಖ ತಿರುಗಿಸಿದರು. ಅವಳು ಹಲ್ಲು ಕಚ್ಚಿಕೊಂಡು ದಿನಾ ಕಚೇರಿಗೆ ನಡೆದಳು.

ಕೊನೆಗೆ ಊರ ಸಭೆಯಿಂದ ಸೆವೆರೊನಿಗೆ ಕರೆ ಬಂತು. ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಲಾರದವನು ಎಂದು ಅವನನ್ನು ಶಾಲೆಯ ಅಂಗಳದಲ್ಲಿ, ಮಕ್ಕಳೆದುರೇ, ಜಲ್ಲಿಯ ಮೇಲೆ ಎರಡು ತಾಸು ಮಂಡಿಯೂರಿಸಿದರು. ಕುಂಟುತ್ತ ಬಂದವನ ಮಂಡಿಗಳನ್ನು ಅವಳು ಬಿಸಿನೀರಿನಲ್ಲಿ ತೊಳೆದು, ಚುಚ್ಚಿಕೊಂಡಿದ್ದ ಕಲ್ಲುಚೂರುಗಳನ್ನು ಒಂದೊಂದಾಗಿ ತೆಗೆದಳು.

"ನಾಳೆ ಪಟ್ಟಣಕ್ಕೆ ಹೋಗಿ ರಾಜೀನಾಮೆಗೆ ಸಹಿ ಹಾಕಿ ಬರ್ತೀನಿ" ಎಂದಳು.

ಬೇಡ ಅನ್ನುತ್ತಾನೇನೋ ಎಂದು ಕಾದಳು. ಅವನು ಅನ್ನಲಿಲ್ಲ.

ಚುನಾವಣಾ ಕಚೇರಿಯಲ್ಲಿ ಮೇಜಿನ ಆಚೆ ಕೂತಿದ್ದವಳೂ ಒಬ್ಬ ಹೆಂಗಸೇ. ಕಸಿಮೀರೊ ಬಾಗಿಲ ಬಳಿಯ ಬೆಂಚಿನಲ್ಲಿ ಕಾಲು ಚಾಚಿ ಕೂತ. ಸೆವೆರೊ ಗೋಡೆಗೆ ಒರಗಿ ನಿಂತ.

"ಸ್ವಂತ ಇಚ್ಛೆಯಿಂದ ಬಿಡ್ತಿದ್ದೀರಾ? ಯಾರಾದ್ರೂ ಒತ್ತಾಯ ಮಾಡಿದ್ರಾ?" ಅಧಿಕಾರಿಣಿ ಕೇಳಿದಳು. ಕೇಳುವಾಗ ಅವಳ ಕಣ್ಣು ಬೆಂಚಿನ ಕಡೆ ಹೋಗಿ ಬಂತು.

"ಸ್ವಂತ ಇಚ್ಛೆ."

"ಕಾರಣ?"

"ಬೇರೆಯವ್ರಿಗೆ ಏನು ಬರ್ಕೊತೀರೋ ಅದನ್ನೇ ಬರ್ಕೊಳ್ಳಿ."

ಅಧಿಕಾರಿಣಿಯ ಪೆನ್ನು ನಿಂತಿತು. "ಈ ವರ್ಷ ಬಿಡ್ತಿರೋ ಹೆಂಗಸ್ರಲ್ಲಿ ನೀವು ಏಳನೆಯವ್ರು" ಎಂದಳು ಮೆಲ್ಲಗೆ. "ಎಲ್ಲರದ್ದೂ ಕೌಟುಂಬಿಕ ಕಾರಣ."

"ನಂದೂ ಅದೇ ಅನ್ನಿ. ಸುಳ್ಳೇನಲ್ಲ."

ಇನ್ನೇನೋ ಹೇಳುವವಳಂತೆ ಅಧಿಕಾರಿಣಿ ತುಟಿ ತೆರೆದಳು. ಕಸಿಮೀರೊ ಗಂಟಲು ಸರಿಮಾಡಿಕೊಂಡ. ಅವಳು ಮೊಹರು ಒತ್ತಿದಳು.

ಹೊರಗೆ ಬಂದಾಗ ಕಸಿಮೀರೊ ನಗುನಗುತ್ತಾ ಕೈ ಚಾಚಿದ. "ಬಾರಕ್ಕ, ಮನಸ್ಸಲ್ಲಿ ಏನೂ ಇಟ್ಕೋಬೇಡ. ಊಟ ಮಾಡ್ಕೊಂಡು ಹೋಗೋಣ."

ಅವಳು ಅವನ ಪಕ್ಕದಿಂದಲೇ ಹಾದು ಬಸ್‌ನಿಲ್ದಾಣದ ಕಡೆ ನಡೆದಳು. ಬಸ್ಸಿನಲ್ಲಿ ಸೆವೆರೊ ಬಂದು ಪಕ್ಕದಲ್ಲಿ ಕೂತು, ಹುರಿದ ಜೋಳದ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಬಸೀಲಿಯಾ ಎದ್ದು, ಅವನ ನೋಯುವ ಮಂಡಿಗೆ ತಾಗದಂತೆ ಲಂಗ ಎತ್ತಿಹಿಡಿದು ದಾಟಿ, ಹಿಂದಿನ ಸೀಟಿಗೆ ಹೋಗಿ ಒಬ್ಬಳೇ ಕೂತಳು.