ಟಿಯೋ ಪಕ್ಕದ ಖಾಲಿ ಜಾಗ

ಬುಧವಾರದ ಬೇಸ್‌ಬಾಲ್ ಆಟ ಐದನೇ ಇನ್ನಿಂಗ್ಸ್ ಮುಗಿಯುತ್ತಿದ್ದಂತೆ ಸಿಡಿಲಿಗೆ ನಿಂತುಹೋಯಿತು. ಉಳಿದೆರಡು ಇನ್ನಿಂಗ್ಸ್ ಶುಕ್ರವಾರ ಎಂದು ಅಂಪೈರ್ ಹೇಳಿದ. ಅಲ್ಲಿಯವರೆಗೆ ನಮ್ಮ ಏಳನೇ ಕ್ಲಾಸಿನ ಟಿಯೋ ಎಸೆದ ಚೆಂಡನ್ನು ಹೊಡೆದು ಓಡಲು ಎದುರು ತಂಡದ ಒಬ್ಬನಿಗೂ ಆಗಿರಲಿಲ್ಲ. ಪೂರ್ತಿ ಆಟ ಹೀಗೇ ಮುಗಿದರೆ ಅದಕ್ಕೊಂದು ಹೆಸರಿದೆ. ಮುಗಿಯುವ ತನಕ ಆ ಹೆಸರೆತ್ತಬಾರದು. ಎತ್ತಿದರೆ ಮುಂದಿನ ಚೆಂಡಿಗೇ ಎಲ್ಲ ಕೆಡುತ್ತದೆ. ಎಸೆಯುವವನ ಪಕ್ಕ ಕೂರುವುದೂ ಇಲ್ಲ. ನಮ್ಮ ಟೆಕ್ಸಸ್ ಊರಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಹಲ್ಲು ಬರುವಷ್ಟರಲ್ಲಿ ಗೊತ್ತಿರುತ್ತದೆ.

ಎಣ್ಣೆಬಾವಿಯಲ್ಲಿ ದುಡಿಯುವ ಟಿಯೋನ ಅಪ್ಪ ಮಗನ ಆಟ ಒಮ್ಮೆಯೂ ನೋಡಿರಲಿಲ್ಲ. ಶುಕ್ರವಾರಕ್ಕೆಂದು ಪಾಳಿ ಬದಲಿಸಿಕೊಂಡರು.

ಗುರುವಾರ ಬೆಳಿಗ್ಗೆ, ಈ ವರ್ಷವಷ್ಟೇ ಬೇರೆ ಊರಿಂದ ಬಂದಿದ್ದ ಓದಿನ ಟೀಚರ್ ಮಿಸೆಸ್ ಲಾಫ್ಟನ್ ಎರಡು ಹಾಳೆ ಹಂಚಿದರು. ಒಂದರಲ್ಲಿ ಕಥೆ, ಇನ್ನೊಂದರಲ್ಲಿ ಕವಿತೆ. ಎರಡೂ ಬೇಸ್‌ಬಾಲಿನವು.

"ಓದಲ್ಲ ಓದಲ್ಲ ಅಂತೀರಲ್ಲ, ನಿಮಗೋಸ್ಕರಾನೇ ಹುಡುಕಿ ತಂದಿದೀನಿ ಕಣ್ರೋ."

ಪಾಪ, ನಿಜವಾಗಿಯೂ ಹುಡುಕಿದ್ದರು. ಎರಡರಲ್ಲೂ ಒಬ್ಬ ಹುಡುಗ ಚೆಂಡೆಸೆಯುತ್ತಾನೆ, ಯಾರಿಗೂ ಹೊಡೆಯಲಾಗುವುದಿಲ್ಲ. ಕಥೆ ಮೂರನೇ ಸಾಲಿನಲ್ಲೇ ಆ ಹೆಸರನ್ನು ಒದರಿಬಿಟ್ಟಿತ್ತು. ಕವಿತೆ ಕೊನೆಯವರೆಗೂ ಹೇಳುವುದಿಲ್ಲ. ಬೆಂಚು, ಅದರ ಮೇಲೊಬ್ಬ ಹುಡುಗ, ಆಚೀಚೆ ಯಾರೂ ಇಲ್ಲ, ಅಷ್ಟೇ. ಬರೆದವನಿಗೆ ಆಟ ಗೊತ್ತಿತ್ತು.

"ಎರಡರಲ್ಲೂ ಇರೋದು ಏನು? ಟಿಯೋ, ನೀನೇ ಹೇಳಪ್ಪ. ನಿನ್ನೆ ನೀನೂ ಅದನ್ನೇ ಮಾಡ್ತಾ ಇದ್ಯಂತೆ."

ತಂಡದ ಹುಡುಗರೆಲ್ಲ ಒಟ್ಟಿಗೆ ಕೆಮ್ಮಿದೆವು. ಆಟದ ಕಡೆ ತಲೆಯನ್ನೇ ಹಾಕದ ಮರಿಬೆತ್ ಕೈ ಎತ್ತಿದಳು. "ಮಿಸ್, ಅದು..."

ನಾನು ಡೆಸ್ಕ್ ಗುದ್ದಿದೆ. "ಬಾಯಿ ಮುಚ್ಚೇ, ನಿನ್ ದಮ್ಮಯ್ಯ!"

ಮಿಸೆಸ್ ಲಾಫ್ಟನ್ ಇದನ್ನು ಪುಂಡಾಟ ಎಂದುಕೊಂಡರು. "ಸರಿ, ಮಾತೇ ಬೇಡ. ಬರೀರಿ."

ಪ್ರಶ್ನೆ ಅದೇ: ಎರಡರಲ್ಲೂ ಇರುವುದನ್ನು ಹೆಸರಿಸಿ, ಹೋಲಿಸಿ. ಅರ್ಧಕ್ಕಿಂತ ಹೆಚ್ಚು ಅಂಕ ಅದಕ್ಕೇ. ಟಿಯೋ ಸೇರಿ ತಂಡದ ಒಬ್ಬನೂ ಅಲ್ಲಿ ಪೆನ್ಸಿಲ್ ಊರಲಿಲ್ಲ. ಓದಿನಲ್ಲಿ ಫೇಲಾದವನು ಆಡುವಂತಿಲ್ಲ ಎಂಬ ನಿಯಮ ಗೊತ್ತಿತ್ತು. ಕೋಚ್ ಹೇಗೋ ಸರಿಮಾಡುತ್ತಾರೆ ಎಂದು ನಂಬಿದ್ದೆವು.

ಊಟದ ಹೊತ್ತಿಗೆ ನಾವೆಲ್ಲ ಫೇಲೆಂದು ಗೊತ್ತಾಯಿತು. ಆಮೇಲೆ ಕೋಚ್ ಡಗ್ಗನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಟೀಚರ್ ಕೋಣೆಗೆ ಬಂದರು. ನಾವು ಬಾಗಿಲಲ್ಲಿ ಜೋತುಬಿದ್ದೆವು.

"ಮೇಡಂ, ಹುಡುಗರಿಗೆ ಉತ್ತರ ಗೊತ್ತು."

"ಗೊತ್ತಿದ್ರೆ ಹೇಳ್ಲಿ. ಒಬ್ಬ ಹೇಳಿದ್ರೂ ಎಲ್ಲರನ್ನೂ ಪಾಸ್ ಮಾಡ್ತೀನಿ. ಹೋಗ್ಲಿ, ನೀವೇ ಹೇಳಿ."

ಕೋಚ್ ಬಾಯಿ ತೆರೆದರು. ತಿರುಗಿ ಟಿಯೋನನ್ನು ನೋಡಿದರು. ಬಾಯಿ ಮುಚ್ಚಿದರು.

"ಶನಿವಾರ ಹೇಳಿದ್ರೆ ಆಗುತ್ತಾ, ಮೇಡಂ?"

"ನನ್ನನ್ನೇನು ಹುಚ್ಚಿ ಅಂದ್ಕೊಂಡಿದೀರಾ?"

ಸಂಜೆ ಮರಿಬೆತ್‌ಳ ಉತ್ತರ ಗೋಡೆಗೇರಿತು, ಪಕ್ಕದಲ್ಲೊಂದು ಚಿನ್ನದ ಬಣ್ಣದ ನಕ್ಷತ್ರ. 'ಕಥೆ ಹೇಳಿಬಿಡುತ್ತದೆ. ಕವಿತೆ ಹೇಳದೆ ಬಿಡುತ್ತದೆ. ಹೇಳದೆ ಬಿಟ್ಟದ್ದೇ ಅದರ ಶಕ್ತಿ.' ಕೆಳಗೆ ಕೆಂಪು ಶಾಯಿಯಲ್ಲಿ 'ಅದ್ಭುತ!'

ಕವಿತೆ ಹೇಳದಿದ್ದರೆ ಶಕ್ತಿ, ನಾವು ಹೇಳದಿದ್ದರೆ ಸೊನ್ನೆ. ಬಾಯಿ ಮುಚ್ಚಿ, ಬಾಯಿ ಮುಚ್ಚಿ ಎಂದು ಏಳು ವರ್ಷ ಬಡಿದುಕೊಂಡ ಶಾಲೆ, ನಾವು ಮುಚ್ಚಿದ ಮೊದಲ ದಿನವೇ ಫೇಲ್ ಮಾಡಿತು.

ಶುಕ್ರವಾರ ಎದುರು ತಂಡ ಮೈದಾನಕ್ಕಿಳಿಯಿತು. ನಾವು ಮಾಮೂಲಿ ಬಟ್ಟೆಯಲ್ಲೇ ಪ್ರೇಕ್ಷಕರ ಹಲಗೆಗಳ ಮೇಲೆ ಕೂತಿದ್ದೆವು. ಅಂಪೈರ್ ಗಡಿಯಾರ ನೋಡಿ, ಮೈದಾನಕ್ಕಿಳಿಯದ ತಂಡ ಸೋತಿತು ಎಂದು ಸಾರಿದ. ಒಂದು ಚೆಂಡನ್ನೂ ನೆಟ್ಟಗೆ ಹೊಡೆಯದ ಹುಡುಗರು ಟೋಪಿ ಹಾರಿಸಿ ಕುಣಿದರು.

ಟಿಯೋನ ಎಡಕ್ಕೂ ಬಲಕ್ಕೂ ಜಾಗ ಖಾಲಿ ಬಿಟ್ಟಿದ್ದೆವು. ರಾತ್ರಿಪಾಳಿ ಮುಗಿಸಿ ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದಿದ್ದ ಅವನ ಅಪ್ಪನೂ ಒಂದು ಜಾಗ ಬಿಟ್ಟೇ ಕೂತರು. ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ಹಲಗೆಯ ಮೇಲೆ ಮಗನತ್ತ ತಳ್ಳಿದರು.

ಆ ಖಾಲಿ ಜಾಗಕ್ಕೆ ಮಿಸೆಸ್ ಲಾಫ್ಟನ್ ಬಂದು ಕೂತರು. ಅಪ್ಪ ಕಣ್ಣು ಮುಚ್ಚಿಕೊಂಡರು.

"ಆಟ ಮುಗೀತಲ್ಲ ಟಿಯೋ," ಎಂದರು ಟೀಚರ್ ಮೆಲ್ಲಗೆ. "ಈಗಲಾದ್ರೂ ಹೇಳಪ್ಪ. ಅದೇನದು?"

"ಇನ್ನೂ ಎರಡು ಇನ್ನಿಂಗ್ಸ್ ಬಾಕಿ ಇದೆ, ಮಿಸ್."

ಹಾಗೆಂದು ಒಂದು ಜಾಗ ಆಚೆ ಸರಿದ. ನಾವೂ ಸಾಲಾಗಿ ಒಂದೊಂದು ಜಾಗ ಸರಿದೆವು.