ತಂಗೆವ್ವನ ಉಡಿ

ಉಡಿಗೆ ಹಾಕಲೆಂದು ಎತ್ತಿದ ತೆಂಗಿನಕಾಯಿಯನ್ನು ಭಾಗವ್ವ ಮತ್ತೆ ಮೊರದಲ್ಲಿಟ್ಟಳು.

"ಬ್ಯಾಡ ಬಿಡ್ರಿ. ಉಡಿ ತುಂಬೂದ ಬ್ಯಾಡ, ಹಂಗ ಒಯ್ಯೂಣು."

ಮೂರು ದಿನದ ಜ್ವರಕ್ಕೆ ತೀರಿಕೊಂಡ ತಂಗೆವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಗಂಡನಿಗಿಂತ ಮೊದಲು ಹೋದವಳು ಮುತ್ತೈದೆ. ಮಕ್ಕಳೊಂದಿಗರಾದ ಐವರು ಮುತ್ತೈದೆಯರು ಅವಳ ಉಡಿಗೆ ಅಕ್ಕಿ, ಕಾಯಿ, ಅರಿಸಿನದ ಬೇರು ತುಂಬಿ ಕಳಿಸಬೇಕು. ಬಾಡಗಂಡಿಯ ಆ ಓಣಿಯಲ್ಲಿ ಮಕ್ಕಳೊಂದಿಗರಿಗೇನು ಬರವಿರಲಿಲ್ಲ, ಆದರೆ ಒಬ್ಬಳೂ ಮುಂದೆ ಬರಲಿಲ್ಲ.

"ತಾರವ್ವಾ, ನೀನರೆ ಬಾರ," ಎಂದು ಯಾರೋ ಕರೆದರು.

ತಾರವ್ವ ಸತ್ತವಳ ಮೈದುನ ಹೊಳೆಪ್ಪನ ಹೆಂಡತಿ. ಅವಳು ಬಾಗಿಲಿಗೆ ಸರಿದಳು. "ಮನ್ಯಾಗ ಸೊಸಿ ಬಸರದಾಳ. ಬಂಜಿ ಉಡಿ ಮುಟ್ಟಿದ ಕೈಲೆ ಆಕಿಗೆ ಹೆಂಗ ಉಣ್ಣಾಕ ನೀಡ್ಲಿ?"

ಸತ್ತವಳ ಗಂಡ ಧರೆಪ್ಪ ಕಟ್ಟೆಯ ಮೇಲೆ ಕುರುಬ ಬಂಧುಗಳ ನಡುವೆ ಕೂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಬಂಜೆ ಎಂಬ ಮಾತು ಕಿವಿಗೆ ಬಿದ್ದಾಗೆಲ್ಲ ಧರೆಪ್ಪನ ಕೈ ತಾನಾಗಿ ಧೋತರದ ಗಂಟಿಗೆ ಹೋಗುತ್ತಿತ್ತು. ಇವತ್ತೂ ಹೋಯಿತು.

* * *

ಜಮಖಂಡಿ ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿದ ಮರುವರ್ಷ ಗಂಡ ಹೆಂಡತಿ ಇಬ್ಬರೂ ಮೀರಜದ ದವಾಖಾನೆಗೆ ಹೋಗಿದ್ದರು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ತೊಟ್ಟಿಲು ತೂಗಿರಲಿಲ್ಲ. ಇಬ್ಬರ ಮೈಯೊಳಗೂ ಫೋಟೋದಲ್ಲಿ ಕಾಣುವ ಔಷಧ ಬಿಟ್ಟು ಎಕ್ಸ್‌ರೇ ತೆಗೆದರು. ಆಮೇಲೆ ಡಾಕ್ಟರು ಧರೆಪ್ಪನೊಬ್ಬನನ್ನೇ ಕರೆದು, ದೀಪದ ಪೆಟ್ಟಿಗೆಯ ಮುಂದೆ ಎರಡು ಕರಿ ಹಾಳೆ ಹಿಡಿದರು.

"ಇದು ನಿಮ್ಮ ಮನಿಯವರದು. ಔಷಧ ಗರ್ಭಚೀಲದಿಂದ ಎರಡೂ ಕಡೆ ಹರದು ಹೋಗೇದ. ದಾರಿ ಸಾಫ್ ಅದ."

ಹಾಳೆಯಲ್ಲಿ ಬೆಳ್ಳಗಿನ ಎರಡು ಗೆರೆ ಟಗರಿನ ಕೋಡಿನ ಹಾಗೆ ಬಳುಕಿದ್ದವು.

"ಇದು ನಿಮ್ಮದು. ಮೂತ್ರದ ನಾಳ ಇಲ್ಲಿ ದಾರದಷ್ಟ ಸಣ್ಣ ಆಗೇದ. ಬೀಜ ಬರೋ ನಾಳದಾಗ ಔಷಧ ಮುಂದಕ್ಕ ಹೋಗೇ ಇಲ್ಲ. ಹಿಂದ ಏನರೆ ರೋಗ ಆಗಿತ್ತೇನು?"

ಮದುವೆಗೆ ಮುಂಚೆ ಸೊಲ್ಲಾಪುರದ ಗಿರಣಿಯಲ್ಲಿ ಕಳೆದ ಒಂದು ವರ್ಷ, ಅಲ್ಲಿಯ ಒಂದು ಓಣಿ ಧರೆಪ್ಪನಿಗೆ ನೆನಪಾದವು. ತಲೆ ತಗ್ಗಿಸಿದ.

"ಗಾಯ ಮಾದ ಮ್ಯಾಲೆ ಚರ್ಮ ಗಟ್ಟಿ ಆಗತದಲ್ಲ, ಹಂಗ ಒಳಗೂ ಗಟ್ಟಿ ಆಗೇದ. ಉಚ್ಚಿ ದಾರಿ ಹಿಗ್ಗಿಸೋಣು. ಮಕ್ಕಳ ಮಾತು ಕಷ್ಟ."

ಹೊರಗೆ ಬೇವಿನ ನೆರಳಿನಲ್ಲಿ ತಂಗೆವ್ವ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

"ಏನಂದ್ರರಿ?"

"ನಿನ್ನ ನಾಳ ಮುಚ್ಚ್ಯಾವಂತ."

ಅದು ಹೇಗೆ ಬಾಯಿಗೆ ಬಂತೋ ಅವನಿಗೇ ತಿಳಿಯಲಿಲ್ಲ. ತಂಗೆವ್ವ ರೊಟ್ಟಿ ಮುರಿದು ಮೊದಲು ಅವನ ಕೈಗಿಟ್ಟಳು. "ಹಂಗಾರ ಇನ್ನೊಬ್ಬಾಕಿನ ಮಾಡ್ಕೋರಿ. ಆಕೀ ಕೂಸಿನ ತೊಟ್ಟಿಲಾ ನಾ ತೂಗತೇನಿ."

"ಒಲ್ಲೆ," ಅಂದ. ಒಲ್ಲೆ ಎನ್ನದೆ ಇನ್ನೇನು ಹೇಳಿಯಾನು? ಇನ್ನೊಬ್ಬಳು ಬಂದರೆ ಗುಟ್ಟು ರಟ್ಟಾಗುತ್ತಿತ್ತು. ಕುಡಚಿಯ ಹತ್ತಿರ ರೈಲು ಕೃಷ್ಣೆಯ ಸೇತುವೆ ಹತ್ತಿದಾಗ ಅವಳು ಅತ್ತು ಅತ್ತು ನಿದ್ದೆ ಹೋಗಿದ್ದಳು. ಧರೆಪ್ಪ ಎರಡೂ ಹಾಳೆಗಳನ್ನು ಕಿಟಕಿಯಿಂದ ಹೊಳೆಗೆ ತೂರಿಬಿಟ್ಟ.

ಊರಲ್ಲಿ ಅವನಿಗೆ ಹೆಸರಾಯಿತು. ಬಂಜೆ ಹೆಂಡತಿಯ ಕೈ ಬಿಡದ ದೇವರಂಥ ಗಂಡ! ತಂಗೆವ್ವನನ್ನು ಮಾತ್ರ ಅಲ್ಲಿಂದ ಸಾಯುವವರೆಗೆ ಹದಿನಾರು ವರ್ಷ ಯಾರೂ ಬಸುರಿಯರ ಕುಬಸಕ್ಕೆ ಕರೆಯಲಿಲ್ಲ. ಹೆಸರಿಡುವ ಮನೆಗಳಲ್ಲಿ ರೊಟ್ಟಿ ಬಡಿಯಲು ಕರೆಯುತ್ತಿದ್ದರು, ಕೂಸನ್ನು ಕೈಗೆ ಕೊಡುತ್ತಿರಲಿಲ್ಲ.

* * *

"ಏಳ್ರಿ, ಹೊತ್ತೇರಾಕತ್ತೈತಿ," ಅಂದ ಹೊಳೆಪ್ಪ.

ಧರೆಪ್ಪ ಎದ್ದ. ಈಗ ಹೇಳದಿದ್ದರೆ ಅವಳು ಖಾಲಿ ಉಡಿಯಲ್ಲೇ ಮಣ್ಣಿಗೆ ಹೋಗುತ್ತಾಳೆ.

"ಆಕಿ ಬಂಜಿ ಅಲ್ಲ. ದೋಷ ನನ್ನೊಳಗಿತ್ತು. ಮೀರಜದ ಫೋಟೋದಾಗ ಬಂದಿತ್ತು. ನಾ ಸುಳ್ಳ ಹೇಳಿದ್ನಿ."

ಪಡಸಾಲೆಯಲ್ಲಿದ್ದ ಅವನ ಅಕ್ಕ ಭಾಗವ್ವ ಎದೆ ಬಡಿದುಕೊಂಡಳು.

"ನೋಡ್ರೆವಾ ನನ್ನ ತಮ್ಮನ್ನ! ಸತ್ತ ಹೇಂತಿ ಕಳಂಕಾನೂ ತನ್ನ ತಲಿಮ್ಯಾಲೆ ಹೊತ್ಕೊಂಡ!"

"ಇಂಥಾ ಗಂಡನ ಪಡಿಯಾಕ ಪುಣ್ಯಾ ಮಾಡಿದ್ಲು," ಎಂದು ತಾರವ್ವ ಕಣ್ಣೊರೆಸಿದಳು.

ಹೇಳಿದ್ದೂ ಆಯಿತು, ಹೆಸರೂ ಉಳಿಯಿತು. ಇಷ್ಟಕ್ಕೇ ಕೂತುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಧರೆಪ್ಪನಿಗೆ ತನ್ನ ಮೇಲೇ ಹೇಸಿಗೆ ಬಂತು. ತಮ್ಮನ ಕಡೆ ತಿರುಗಿದ.

"ಹೊಳೆಪ್ಪಾ, ಹ್ವಾದ ವರ್ಷ ಕುರಿ ಗಬ್ಬ ಆಗಲಿಲ್ಲ. ಏನ ಮಾಡಿದಿ?"

"ಟಗರ ಬದಲಿ ಮಾಡಿದ್ನಿ. ಈಗ್ಯಾಕಣ್ಣಾ ಆ ಮಾತ?"

"ಕುರಿ ಮಾರಲಿಲ್ಲ?"

"ಕುರೀದೇನ ತಪ್ಪ? ಮೊದಲ ಟಗರ ನೋಡಬೇಕ..."

"ಹಟ್ಟ್ಯಾಗ ಟಗರ ನೋಡತೀರಿ. ಮನ್ಯಾಗ ಯಾರರೆ ನನ್ನ ನೋಡಿದ್ರೇನು? ಬೇಲಿ ಹಿಂದ ಉಚ್ಚಿಗೆ ಕುಂತ್ರ ನಾ ಎಷ್ಟೊತ್ತ ತಿಣಕತಿದ್ನಿ, ನಿನಗ ಗೊತ್ತಿಲ್ಲೇನು?"

ಹೊಳೆಪ್ಪನಿಗೆ ಗೊತ್ತಿತ್ತು. ಕುರಿ ಕಾಯುವಲ್ಲಿ ಎಷ್ಟೋ ಸಲ ಅಣ್ಣನಿಗಾಗಿ ಕಾದು ನಿಂತು, ಬೇಲಿಯ ಆಚೆಯಿಂದ ಚೇಷ್ಟೆ ಮಾಡಿದ್ದ.

"ಖರೆ ಐತಿ," ಅಂದ ಮೆಲ್ಲಗೆ. "ಸೊಲ್ಲಾಪುರದಿಂದ ಬಂದಾಗಿಂದ ಹಂಗ." ಅಣ್ಣನ ಪಕ್ಕದಿಂದ ಎದ್ದು ಹೋಗಿ ಅಂಗಳದಲ್ಲಿ ನಿಂತ. ಕಟ್ಟೆಯ ಮೇಲಿದ್ದ ಉಳಿದವರೂ ಒಬ್ಬೊಬ್ಬರಾಗಿ ಇಳಿದರು.

ಮೊದಲು ಬಂದವಳು ತಾರವ್ವ. "ಯಕ್ಕಾ, ತಪ್ಪಾತು," ಎನ್ನುತ್ತ ಬೊಗಸೆ ಅಕ್ಕಿ ಸುರಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಐವರ ಲೆಕ್ಕ ಯಾರೂ ಇಡಲಿಲ್ಲ. ಕಾಯಿ ಇಟ್ಟಮೇಲೆ ಉಡಿ ತುಂಬಿ ಅಕ್ಕಿ ನೆಲಕ್ಕೆ ಚೆಲ್ಲಿತು.

ಎತ್ತುವ ಮುನ್ನ ಗಂಡ ಕೊನೆಯ ಕುಂಕುಮ ಇಡಬೇಕು. ಧರೆಪ್ಪ ಬಟ್ಟಲಿನಲ್ಲಿ ಬೆರಳದ್ದಿ ಹೆಂಡತಿಯ ಹಣೆಯ ಕಡೆಗೆ ಬಾಗಿದ. ಭಾಗವ್ವ ತಮ್ಮನನ್ನು ಬೈಯಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ತಂಗೆವ್ವನ ಸೆರಗು ಹಿಡಿದು ಅವಳ ಹಣೆಯಿಂದ ಗದ್ದದವರೆಗೂ ಎಳೆದು ಮುಚ್ಚಿದಳು.