ಕಣ್ಣಿಗೆ ಮೊದಲು, ಕಿವಿಗೆ ಕೊನೆಗೆ

ಅಕ್ಕ ಬರುವುದನ್ನೇ ಬಿಟ್ಟಿದ್ದಳು. ಮೊದಲೆಲ್ಲ ತಿಂಗಳಿಗೊಮ್ಮೆ ಶನಿವಾರ ಬಸ್ಸಿಳಿದು ಬಂದು, ಬಾಗಿಲಲ್ಲಿ ಕೋಲು ಮಡಚುತ್ತ, "ಏನೇ, ಇನ್ನೂ ತಲೆ ಬಾಚಿಲ್ವಾ?" ಎನ್ನುತ್ತಿದ್ದಳು. ಕಣ್ಣು ಕಾಣದವಳು ಅಂದಾಜಿಗೆ ಎಸೆಯುತ್ತಿದ್ದ ಮಾತು ಅದು. ಪ್ರತಿ ಸಲವೂ ತಾಗುತ್ತಿತ್ತು.

ಟಿಕೆಟ್ ಮಾತ್ರ ತಾನೇ ತೆಗೆಯಬೇಕೆಂದು ತಂಗಿಯೊಡನೆ ಅಕ್ಕನ ಹಟ. "ನೀನು ತೆಗೆದ್ರೆ ನಾನು ಪಾರ್ಸಲ್ ಆಗ್ತೀನಿ."

ತಂಗಿ ಕೆಲಸ ಮಾಡುತ್ತಿದ್ದುದು ಅದೇ ಬಸ್ ಕಂಪನಿಯ ವೆಬ್‌ಸೈಟಿಗೆ. ಟಿಕೆಟ್ ತೆಗೆಯುವ ಹೊಸ ಪುಟವನ್ನು ಕಟ್ಟಿದವಳು ಅವಳೇ. ಕೊನೆಗೆ ತಡೆಯಲಾರದೆ ಫೋನ್ ಮಾಡಿದಳು.

"ನನ್ ಮೇಲೆ ಕೋಪಾನಾ?"

"ನಿನ್ ಮೇಲೆ ಯಾಕೆ? ನಿಮ್ ಬಸ್ ಮೇಲೆ. ಬುಧವಾರ ಟಿಕೆಟ್ ತೆಗ್ದು, ಶನಿವಾರ ಬ್ಯಾಗ್ ಹಿಡ್ಕೊಂಡು ನಿಲ್ದಾಣಕ್ಕೆ ಹೋದ್ರೆ, 'ನಿಮ್ ಬಸ್ಸು ಬುಧವಾರವೇ ಹೋಯ್ತಲ್ಲಮ್ಮ' ಅಂದ ಕಂಡಕ್ಟರ್. ಅಲ್ಲಿದ್ದೋರೆಲ್ಲ ನಕ್ರು. ನಾನೂ ನಕ್ಕೆ, ಇನ್ನೇನ್ ಮಾಡ್ಲಿ? ನಿಮ್ ಪುಟ ತಾರೀಕೇ ಕೇಳಲ್ಲ."

"ಕೇಳುತ್ತೆ ಅಕ್ಕ! ಎಲ್ಲಕ್ಕಿಂತ ಮೇಲೇ ಇದೆ."

"ತಗೋ, ನೀನೇ ಕೇಳು."

ಅಕ್ಕ ಫೋನನ್ನು ಕಂಪ್ಯೂಟರಿನ ಪಕ್ಕ ಇಟ್ಟಳು. ಪುಟವನ್ನು ಓದಿ ಹೇಳುವ ಕಂಪ್ಯೂಟರಿನ ದನಿ ಗಡಗಡನೆ ಶುರುವಾಯಿತು. ಎಲ್ಲಿಂದ. ಎಲ್ಲಿಗೆ. ಬಸ್ ಹುಡುಕಿ, ಬಟನ್. ರಿಯಾಯಿತಿ. ನಿಯಮಗಳು. ದೂರು. ಸಂಪರ್ಕ. ಎಲ್ಲ ಮುಗಿದ ಮೇಲೆ, ತಳದಲ್ಲಿ: ಪ್ರಯಾಣದ ದಿನಾಂಕ.

"ಇಲ್ಲಿ ಬಚ್ಚಿಟ್ಟಿದೀಯಾ?" ಎಂದಳು ಅಕ್ಕ. "ಅಷ್ಟು ಕೆಳಗೆ ಯಾರ್ ಹೋಗ್ತಾರೆ?"

ತಂಗಿಗೆ ತಪ್ಪು ಹೊಳೆಯಿತು. ದಿನಾಂಕದ ಪೆಟ್ಟಿಗೆಯನ್ನು ಅವಳು ಕೋಡಿನ ಕೊನೆಯಲ್ಲಿ ಬರೆದು, ಪುಟದ ನೋಟ ತಿದ್ದುವ ಸಿಎಸ್‌ಎಸ್‌ನ ಒಂದೇ ಸಾಲಿನಿಂದ ಮೇಲಕ್ಕೆ ಎತ್ತಿ ಕೂರಿಸಿದ್ದಳು. ಅದರಿಂದ ಪೆಟ್ಟಿಗೆ ಕಣ್ಣಿಗಷ್ಟೇ ಮೇಲೆ ಹೋಗುತ್ತದೆ. ಓದುವ ದನಿ ಬರೆದ ಕ್ರಮವನ್ನೇ ಹಿಡಿಯುತ್ತದೆ. ದಿನಾಂಕ ಆರಿಸದಿದ್ದರೆ ಪುಟ ಆವತ್ತಿನ ಬಸ್ಸನ್ನೇ ಕೊಡುತ್ತಿತ್ತು.

"ಆಗ್ಲೇ ಹೇಳ್ಬಾರದಿತ್ತಾ?"

"ನಾನೇ ಕಟ್ಟಿದ್ದು, ನಾನೇ ಕಟ್ಟಿದ್ದು ಅಂತ ನೀನು ಕುಣೀತಿದ್ದೆ. ಹೇಗೆ ಹೇಳ್ಲಿ?"

ಮರುದಿನ ತಂಗಿ ಪೆಟ್ಟಿಗೆಯನ್ನು ಕೋಡಿನಲ್ಲೂ ಎಲ್ಲಕ್ಕಿಂತ ಮೊದಲು ಬರೆದು, ಆ ಸಾಲನ್ನು ಅಳಿಸಿದಳು. ಮ್ಯಾನೇಜರ್ ಇಣುಕಿ, "ಪುಟ ಚೆನ್ನಾಗೇ ಕಾಣ್ತಿದೆಯಲ್ಲಮ್ಮ, ಸುಮ್ನೆ ಯಾಕೆ ಕೆದಕ್ತೀಯ?" ಎಂದರು.

"ಕಾಣೋಕೆ ಚೆನ್ನಾಗಿದೆ ಸಾರ್. ಕಾಣದೋರಿಗೆ ಗುಂಡಿ."

ಸಂಜೆ ಅಕ್ಕ ಫೋನಿನಲ್ಲಿದ್ದಂತೆಯೇ ಪುಟ ತೆರೆದಳು. ಕೀಲಿಗಳು ಟಕಟಕ ಎಂದವು. "ದಿನಾಂಕ, ಎಲ್ಲಿಂದ, ಎಲ್ಲಿಗೆ. ಹ್ಞಾಂ, ಈಗ ಮನುಷ್ಯರ ಥರ ಕೇಳ್ತಿದೆ."

"ಹಾಗಾದ್ರೆ ಈ ಶನಿವಾರ ಬರ್ತೀಯಾ?"

ಟಕಟಕ ನಿಂತಿತು.

"ಆಗಲ್ಲ ಕಣೆ. ನನ್ನಂಥೋರೇ ಕೆಲವು ಹುಡುಗೀರಿಗೆ ಶನಿವಾರ, ಭಾನುವಾರ ಕಂಪ್ಯೂಟರ್ ಹೇಳಿಕೊಡ್ತಿದೀನಿ. ರಜಾ ದಿನ ಸುಮ್ನೆ ಕೂರೋಕಾಗ್ದೆ ಒಪ್ಕೊಂಡೆ. ಈಗ ಬಿಡೋಕೆ ಮನಸ್ಸಿಲ್ಲ."

"ಸರಿ ಬಿಡು," ಎಂದಳು ತಂಗಿ.

"ಮುಖ ಊದಿಸ್ಕೊಂಡ್ಯಾ?"

"ಇಲ್ಲ."

"ಸುಳ್ಳಿ. ನಿಮ್ ಬಸ್ಸು ಎರಡೂ ಕಡೆ ಓಡುತ್ತೆ ತಾನೆ?"

ಇಷ್ಟು ವರ್ಷ ಬರುವವಳು ಅಕ್ಕ, ಬಾಗಿಲು ತೆರೆಯುವವಳು ತಾನು ಎಂದೇ ನಡೆದಿತ್ತು. ಅಕ್ಕನ ಕೋಣೆಯಲ್ಲಿ ಮಂಚ ಯಾವ ಗೋಡೆಗಿದೆ, ಕಿಟಕಿ ಎತ್ತ ತೆರೆಯುತ್ತದೆ, ತಂಗಿಗೆ ಗೊತ್ತಿರಲಿಲ್ಲ.

ಫೋನ್ ಇಟ್ಟು ಪುಟ ತೆರೆದಳು. ಅಕ್ಕನ ಊರಿಗೆ ಆ ಶನಿವಾರ ಒಂದೂ ಸೀಟಿರಲಿಲ್ಲ. ದಿನಾಂಕವನ್ನು ಮುಂದಿನ ವಾರಕ್ಕೆ ಬದಲಿಸಿದಳು.